ಎರಡು ಗೆರೆಗಳೂ ಒಟ್ಟಿಗೇ ಇಳಿದವು

ಜೆಫ್ರಿ ಬ್ರೆನ್ನರ್ ಮೊದಲು ಬಿಡಿಸಲು ಕೂತದ್ದು ಅಪರಾಧಗಳ ನಕ್ಷೆಯನ್ನು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ನಗರದಲ್ಲಿ ಅವರು ಕುಟುಂಬ ವೈದ್ಯರಾಗಿದ್ದರು. ಡೆಲವೇರ್ ನದಿಯ ಆಚೆ ದಡದಲ್ಲಿ ಫಿಲಡೆಲ್ಫಿಯಾದ ಎತ್ತರದ ಕಟ್ಟಡಗಳು. ಈಚೆ ದಡದ ಕ್ಯಾಮ್ಡೆನ್‌ನಲ್ಲಿ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿತ್ತು, ಗ್ರಾಮಫೋನ್ ತಯಾರಿಸುತ್ತಿದ್ದ ಕಾರ್ಖಾನೆಯ ಕಾಲ ಮುಗಿದಿತ್ತು. ಊರು ದೇಶದ ಕಡುಬಡ ನಗರಗಳ ಸಾಲಿಗೆ ಸೇರಿತ್ತು. 2010ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 77 ಸಾವಿರ ಮಂದಿ. ಊರಿನ ಪೊಲೀಸ್ ವ್ಯವಸ್ಥೆಯನ್ನು ಸುಧಾರಿಸುವ ಸಮಿತಿಯೊಂದರಲ್ಲಿ ಬ್ರೆನ್ನರ್ ಕೆಲಸ ಮಾಡುತ್ತಿದ್ದರು. ಯಾವ ಬೀದಿಯಲ್ಲಿ ಹೆಚ್ಚು ಹಲ್ಲೆ ನಡೆಯುತ್ತದೆ ಎಂದು ಗುರುತಿಸಿದರೆ ಪೊಲೀಸರನ್ನು ಅಲ್ಲಿಗೇ ಕಳಿಸಬಹುದು ಎಂಬುದು ಅವರ ಯೋಚನೆ. ಪೊಲೀಸರಿಂದ ಅದಕ್ಕೆ ಒತ್ತಾಸೆ ಸಿಗಲಿಲ್ಲ. ಹಾಗಾಗಿ ಊರಿನ ಮೂರು ದೊಡ್ಡ ಆಸ್ಪತ್ರೆಗಳ ಬಿಲ್ಲಿನ ದಾಖಲೆಗಳನ್ನು ತರಿಸಿಕೊಂಡು, ಪೆಟ್ಟು ತಿಂದು ಬಂದವರ ವಿಳಾಸಗಳನ್ನು ತಾವೇ ನಕ್ಷೆಯ ಮೇಲೆ ಗುರುತು ಹಾಕತೊಡಗಿದರು.

ದಾಖಲೆಗಳನ್ನು ಜಾಲಾಡುತ್ತ ಹೋದಂತೆ ಅವರ ಗಮನ ಅಪರಾಧದಿಂದ ಖರ್ಚಿನ ಕಡೆಗೆ ತಿರುಗಿತು. ಊರಿನ ಆಸ್ಪತ್ರೆಗಳಿಗೆ ಬಂದುಹೋದವರು ಸುಮಾರು ಒಂದು ಲಕ್ಷ ಮಂದಿ. ಅವರಲ್ಲಿ ಬರೀ ಒಂದು ಸಾವಿರ ಜನ, ಅಂದರೆ ನೂರಕ್ಕೆ ಒಬ್ಬರು, ಒಟ್ಟು ವೆಚ್ಚದ ಶೇಕಡ 30ರಷ್ಟಕ್ಕೆ ಕಾರಣರಾಗಿದ್ದರು. ನಕ್ಷೆಯಲ್ಲಿ ಎರಡು ಕಟ್ಟಡಗಳು ಎದ್ದು ಕಂಡವು. ಒಂದು ವೃದ್ಧರ ಶುಶ್ರೂಷಾಲಯ, ಇನ್ನೊಂದು ಬಡವರು ಬಾಡಿಗೆಗಿದ್ದ ಬಹುಮಹಡಿ ವಸತಿ. 2002ರ ಜನವರಿಯಿಂದ 2008ರ ಜೂನ್‌ವರೆಗೆ ಆ ಎರಡು ಕಟ್ಟಡಗಳ ಸುಮಾರು 900 ನಿವಾಸಿಗಳು 4,000ಕ್ಕೂ ಹೆಚ್ಚು ಸಲ ಆಸ್ಪತ್ರೆಗೆ ಹೋಗಿದ್ದರು, ಬಿಲ್ಲು ಸುಮಾರು 20 ಕೋಟಿ ಡಾಲರ್ ಆಗಿತ್ತು. ಐದು ವರ್ಷಗಳಲ್ಲಿ 324 ಸಲ ಅಡ್ಮಿಟ್ ಆದ ಒಬ್ಬ ರೋಗಿಯೂ ಪಟ್ಟಿಯಲ್ಲಿದ್ದರು.

ಬೇರೆಯವರಾಗಿದ್ದರೆ ಈ ಒಂದು ಸಾವಿರ ಜನರನ್ನು ವ್ಯವಸ್ಥೆಗೆ ಹೊರೆ ಎಂದು ಬರೆದುಬಿಡುತ್ತಿದ್ದರೇನೋ. ಬ್ರೆನ್ನರ್ ಅದನ್ನು ತಿರುಗಿಸಿ ಓದಿದರು. ಅತಿ ಹೆಚ್ಚು ದುಡ್ಡು ಯಾರ ಮೇಲೆ ಖರ್ಚಾಗುತ್ತಿದೆಯೋ ಅವರಿಗೇ ಅತಿ ಕೆಟ್ಟ ಆರೈಕೆ ಸಿಗುತ್ತಿರಬೇಕು, ಇಲ್ಲದಿದ್ದರೆ ಇಷ್ಟು ಸಲ ತುರ್ತು ಚಿಕಿತ್ಸಾ ಘಟಕಕ್ಕೆ ಯಾಕೆ ಬರುತ್ತಾರೆ ಎಂದುಕೊಂಡರು. ಅವರನ್ನೇ ಮೊದಲು ಹುಡುಕಿಕೊಂಡು ಹೋದರೆ ಜೀವವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ ಎಂಬ ನಂಬಿಕೆಯಿಂದ ಅವರು ಕಟ್ಟಿದ ಕ್ಯಾಮ್ಡೆನ್ ಒಕ್ಕೂಟ ಕೆಲಸಕ್ಕಿಳಿಯಿತು.

ಆ ಕೆಲಸ ಹೇಗಿರುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಆಸ್ಪತ್ರೆಯಲ್ಲಿ ಮಲಗಿರುವಾಗಲೇ ರೋಗಿಯ ಪರಿಚಯ ಮಾಡಿಕೊಳ್ಳುತ್ತಾರೆ. ಡಿಸ್ಚಾರ್ಜ್ ಆದ ಐದು ದಿನಗಳೊಳಗೆ ನರ್ಸ್, ಸಮಾಜ ಕಾರ್ಯಕರ್ತರು, ಆರೋಗ್ಯ ಕಾರ್ಯಕರ್ತರಿರುವ ತಂಡ ಮನೆಗೆ ಹೋಗಬೇಕು, ಏಳು ದಿನಗಳೊಳಗೆ ಡಾಕ್ಟರಿಗೆ ತೋರಿಸಬೇಕು. ಮನೆಗೆ ಹೋದವರು ಮಾಡುವ ಮೊದಲ ಕೆಲಸ ಮಾತ್ರೆಗಳ ಲೆಕ್ಕ. ಇರುವ ಡಬ್ಬಿಗಳನ್ನೆಲ್ಲ ಹೊರಗಿಟ್ಟು, ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಪಟ್ಟಿಯೊಂದಿಗೆ ಒಂದೊಂದನ್ನೇ ತಾಳೆ ನೋಡುತ್ತಾರೆ. ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಎರಡು ಡಬ್ಬಿಯಲ್ಲಿರಬಹುದು, ನಿಲ್ಲಿಸಬೇಕಾದ್ದು ನಡೆಯುತ್ತಿರಬಹುದು, ಶುರು ಮಾಡಬೇಕಾದ್ದನ್ನು ಅಂಗಡಿಯಿಂದ ತಂದೇ ಇಲ್ಲದಿರಬಹುದು. ಆಮೇಲೆ ಡಾಕ್ಟರ ಬಳಿಗೆ ಜತೆಯಲ್ಲಿ ಹೋಗಿ ಕೂರುವುದು, ಆಹಾರದ ನೆರವಿಗೆ ಅರ್ಜಿ ತುಂಬಿಸುವುದು, ತಲೆ ಮೇಲೆ ಸೂರಿಲ್ಲದವರಿಗೆ ಜಾಗ ಹುಡುಕುವುದು, ಕುಡಿತ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡುವುದು. ಹೀಗೆ ಸುಮಾರು ಮೂರು ತಿಂಗಳು ಒಬ್ಬರ ಬೆನ್ನಿಗೆ ನಿಂತು, ಆಮೇಲೆ ಬೀಳ್ಕೊಡುತ್ತಿದ್ದರು.

ಮೊದಲ 36 ರೋಗಿಗಳ ಲೆಕ್ಕ ಹೊರಬಂತು. ತಂಡದ ಕೈಗೆ ಬರುವ ಮುಂಚೆ ಅವರೆಲ್ಲ ಸೇರಿ ತಿಂಗಳಿಗೆ 62 ಸಲ ಆಸ್ಪತ್ರೆಗೆ ಹೋಗುತ್ತಿದ್ದರು, ಬಂದ ಮೇಲೆ 37 ಸಲ. ತಿಂಗಳಿಗೆ 12 ಲಕ್ಷ ಡಾಲರ್ ಆಗುತ್ತಿದ್ದ ಬಿಲ್ಲು ಐದು ಲಕ್ಷ ಚಿಲ್ಲರೆಗೆ ಇಳಿದಿತ್ತು. 2011ರ ಜನವರಿಯಲ್ಲಿ ಶಸ್ತ್ರವೈದ್ಯ ಮತ್ತು ಲೇಖಕ ಅತುಲ್ ಗವಾಂಡೆ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಈ ಕತೆ ಬರೆದರು. ಇಡೀ ದೇಶ ಕ್ಯಾಮ್ಡೆನ್‌ನತ್ತ ನೋಡಿತು. ಬೇರೆ ಬೇರೆ ನಗರಗಳಲ್ಲಿ ಅದೇ ಮಾದರಿಯ ತಂಡಗಳು ಹುಟ್ಟಿಕೊಂಡವು. 2013ರಲ್ಲಿ ಬ್ರೆನ್ನರ್‌ಗೆ ಮೆಕಾರ್ಥರ್ ಫೆಲೋಶಿಪ್ ಬಂತು.

ಗವಾಂಡೆಯವರ ಆ ಲೇಖನದಲ್ಲೇ ಒಂದು ಎಚ್ಚರಿಕೆಯೂ ಇತ್ತು. ಈ ಉಳಿತಾಯದಲ್ಲಿ ತಂಡದ ಸಂಬಳ ಕಳೆದಿಲ್ಲ, ರೋಗಿಗಳು ಈಗ ಸರಿಯಾಗಿ ತೆಗೆದುಕೊಳ್ಳುತ್ತಿರುವ ಔಷಧದ ಖರ್ಚು ಕಳೆದಿಲ್ಲ, ಕೆಲವರು ತಾವಾಗಿಯೇ ಚೇತರಿಸಿಕೊಂಡಿರಬಹುದು, ಕೆಲವರು ತೀರಿಕೊಂಡೂ ಇರಬಹುದು ಎಂದು ಅವರು ಬರೆದಿದ್ದರು. ಓದಿದವರಲ್ಲಿ ಬಹಳ ಮಂದಿ ಅದನ್ನು ಓದಿ ಮುಂದೆ ಹೋದರು. ತಾವಾಗಿಯೇ ಚೇತರಿಸಿಕೊಂಡಿರಬಹುದು ಎಂಬ ಮಾತಿನ ತೂಕ ಎಷ್ಟು ಎಂದು ಗೊತ್ತಾಗಲು ಇನ್ನೂ ಒಂಬತ್ತು ವರ್ಷ ಹಿಡಿಯಿತು.

ಈ ಸಂಶಯ ಹೊಸದೇನೂ ಆಗಿರಲಿಲ್ಲ. ಸಕ್ಕರೆ ಕಾಯಿಲೆ, ಹೃದಯ ವೈಫಲ್ಯದಂಥ ದೀರ್ಘಕಾಲದ ಕಾಯಿಲೆಯವರನ್ನು ನರ್ಸುಗಳ ಫೋನ್ ಕರೆಗಳ ಮೂಲಕ ನೋಡಿಕೊಳ್ಳುವ ಕಂಪನಿಗಳು ಅಮೆರಿಕದಲ್ಲಿ 1990ರ ದಶಕದಿಂದಲೇ ಬೆಳೆದಿದ್ದವು. ಅವುಗಳ ಲೆಕ್ಕ ಬಲು ಸರಳ. ಹೋದ ವರ್ಷ ಯಾರಿಗೆ ಜಾಸ್ತಿ ಖರ್ಚಾಯಿತೋ ಅವರನ್ನು ಆರಿಸಿಕೊಳ್ಳುವುದು, ಈ ವರ್ಷದ ಖರ್ಚನ್ನು ಹೋದ ವರ್ಷದ್ದರಲ್ಲಿ ಕಳೆಯುವುದು, ವ್ಯತ್ಯಾಸವನ್ನು ಉಳಿತಾಯ ಎಂದು ತೋರಿಸುವುದು. ಈ ಲೆಕ್ಕದಲ್ಲಿ ಪ್ರತಿ ಸಲವೂ ಲಾಭವೇ ಬರುತ್ತಿತ್ತು. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಇದನ್ನು ಗಟ್ಟಿಯಾಗಿ ಪರೀಕ್ಷಿಸಬೇಕೆಂದು 2005ರಲ್ಲಿ ಎಂಟು ಕಂಪನಿಗಳ ಕಾರ್ಯಕ್ರಮಗಳನ್ನು ಕಣಕ್ಕಿಳಿಸಿತು. ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳು, ಯಾರಿಗೆ ಸೇವೆ ಸಿಗಬೇಕು ಯಾರಿಗೆ ಬೇಡ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಸ್ಪತ್ರೆ ಸೇರುವುದು ಕಡಿಮೆಯಾಗಿರಲಿಲ್ಲ, ಕಂಪನಿಗಳಿಗೆ ಕೊಟ್ಟ ಶುಲ್ಕದಷ್ಟೂ ಉಳಿತಾಯ ಆಗಿರಲಿಲ್ಲ. 2012ರ ಆರಂಭದಲ್ಲಿ ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಇಂಥ 34 ಕಾರ್ಯಕ್ರಮಗಳನ್ನು ಒಟ್ಟಿಗೆ ಪರಿಶೀಲಿಸಿ, ಸರಾಸರಿಯಲ್ಲಿ ಆಸ್ಪತ್ರೆ ದಾಖಲಾತಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ ಎಂದಿತು.

ಆದರೆ ಫೋನ್ ಮಾಡುವುದು ಬೇರೆ, ಮನೆಗೇ ಹೋಗಿ ಮೂರು ತಿಂಗಳು ಜತೆಗಿರುವುದು ಬೇರೆ. ಕ್ಯಾಮ್ಡೆನ್ ಮಾದರಿ ಗೆಲ್ಲುತ್ತದೆ ಎಂದು ನಂಬಲು ಒಳ್ಳೆಯ ಕಾರಣಗಳೇ ಇದ್ದವು. ಬ್ರೆನ್ನರ್ ಮತ್ತು ಅವರ ಒಕ್ಕೂಟ ಆ ನಂಬಿಕೆಯ ಮೇಲೆ ಇನ್ನಷ್ಟು ಹಣ ಕೇಳುತ್ತ ಕೂರಬಹುದಿತ್ತು. ಹಾಗೆ ಮಾಡದೆ, ತಮ್ಮ ಕೆಲಸವನ್ನು ಔಷಧವೊಂದನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲು ಒಪ್ಪಿಕೊಂಡರು. ಕೀರ್ತಿ ತುತ್ತತುದಿಯಲ್ಲಿದ್ದಾಗ ಹೀಗೆ ಪರೀಕ್ಷೆಗೆ ಒಡ್ಡಿಕೊಂಡ ಸಂಸ್ಥೆಗಳು ತೀರಾ ಕಡಿಮೆ. ಈ ಇಡೀ ಕತೆಯಲ್ಲಿ ನಾನು ಅತ್ಯಂತ ಗೌರವಿಸುವ ಘಟ್ಟ ಇದೇ.

ಪರೀಕ್ಷೆ ನಡೆಸಲು ಬಂದವರು ಎಂಐಟಿಯ ಅರ್ಥಶಾಸ್ತ್ರಜ್ಞೆ ಆಮಿ ಫಿಂಕೆಲ್‌ಸ್ಟೀನ್ ಮತ್ತು ಸಂಗಡಿಗರು. ಚೀಟಿಯ ಬಲ ಎಂಥದು ಎಂದು ಫಿಂಕೆಲ್‌ಸ್ಟೀನ್ ಮೊದಲೇ ಕಂಡಿದ್ದರು. 2008ರಲ್ಲಿ ಆರೆಗಾನ್ ರಾಜ್ಯದಲ್ಲಿ ಬಡವರ ವಿಮೆಗೆ ಜಾಗ ಕಡಿಮೆ, ಅರ್ಜಿ ಹಾಕಿದವರು ಸುಮಾರು 90 ಸಾವಿರ. ಸರ್ಕಾರ ಲಾಟರಿ ಎತ್ತಿತು. ಆ ಲಾಟರಿಯನ್ನೇ ಅಧ್ಯಯನವಾಗಿಸಿದ ತಂಡದಲ್ಲಿ ಅವರಿದ್ದರು. ವಿಮೆ ಸಿಕ್ಕರೆ ಜನ ಮಾಮೂಲಿ ಡಾಕ್ಟರ ಬಳಿಗೆ ಹೋಗುತ್ತಾರೆ, ತುರ್ತು ಘಟಕದ ಖರ್ಚು ಇಳಿಯುತ್ತದೆ ಎಂದು ಬಹಳ ಜನ ಹೇಳುತ್ತಿದ್ದರು. ಅಲ್ಲಿ ಕಂಡದ್ದು ತುರ್ತು ಘಟಕದ ಭೇಟಿಗಳು ಸುಮಾರು ಶೇಕಡ 40ರಷ್ಟು ಹೆಚ್ಚಾದದ್ದು. ಜತೆಗೆ ಸಾಲದ ಕಾಟ ಕಡಿಮೆಯಾಗಿತ್ತು, ಖಿನ್ನತೆ ಕಡಿಮೆಯಾಗಿತ್ತು. ಹೋಲಿಸಿ ನೋಡಲು ಸರಿಸಮನಾದ ಗುಂಪು ಇದ್ದುದರಿಂದಲೇ ಈ ಮೂರೂ ಸಂಗತಿಗಳು ಬೇರೆ ಬೇರೆಯಾಗಿ ಕಂಡವು.

ಕ್ಯಾಮ್ಡೆನ್‌ನಲ್ಲಿ 2014ರ ಜೂನ್‌ನಲ್ಲಿ ಶುರುವಾಗಿ 2017ರವರೆಗೆ 800 ರೋಗಿಗಳು ಅಧ್ಯಯನಕ್ಕೆ ಸೇರಿದರು. ಹಾಸಿಗೆಯಲ್ಲಿ ಮಲಗಿರುವ ಮನುಷ್ಯನ ಹತ್ತಿರ ಒಬ್ಬರು ಬಂದು ಕೂತು, ಎಲ್ಲ ವಿವರಿಸಿ, ಒಪ್ಪಿಗೆ ಕೇಳುತ್ತಾರೆ. ಎರಡಾದರೂ ದೀರ್ಘಕಾಲದ ಕಾಯಿಲೆ ಇರಬೇಕು, ಹಿಂದಿನ ಆರು ತಿಂಗಳಲ್ಲಿ ಇನ್ನೊಮ್ಮೆಯಾದರೂ ಅಡ್ಮಿಟ್ ಆಗಿರಬೇಕು. ಜತೆಗೆ ಐದು ಅಥವಾ ಹೆಚ್ಚು ಔಷಧ, ಮಾನಸಿಕ ಕಾಯಿಲೆ, ವ್ಯಸನ, ಮನೆ ಇಲ್ಲದಿರುವುದು, ನೋಡಿಕೊಳ್ಳುವವರಿಲ್ಲದಿರುವುದು ಇಂಥ ತೊಡಕುಗಳಲ್ಲಿ ಕೆಲವಾದರೂ ಇರಬೇಕು. ಒಪ್ಪಿದ ಮೇಲೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅರ್ಧ ಜನ ತಂಡದ ಕೈಗೆ, ಉಳಿದರ್ಧ ಜನ ಎಂದಿನ ಚಿಕಿತ್ಸೆಗೆ. ಇಷ್ಟು ನೊಂದವರಲ್ಲಿ ಅರ್ಧ ಜನರನ್ನು ಬಿಡುವುದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ತಂಡದಲ್ಲಿ ಇದ್ದ ಮಂದಿ ಎಲ್ಲರನ್ನೂ ನೋಡಿಕೊಳ್ಳಲು ಸಾಲುತ್ತಿರಲಿಲ್ಲ. ಅಂಥ ಕಡೆ ಪರಿಚಯ, ಶಿಫಾರಸು, ಯಾರು ಮೊದಲು ಬಂದರು ಎಂಬುದಕ್ಕಿಂತ ಚೀಟಿಯೇ ಹೆಚ್ಚು ನ್ಯಾಯದ್ದು. ಅದಲ್ಲದೆ ಸೇವೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ.

ಏನನ್ನು ಅಳೆಯುತ್ತೇವೆ ಎಂಬುದನ್ನೂ ಮೊದಲೇ ಬರೆದಿಟ್ಟಿದ್ದರು: ಡಿಸ್ಚಾರ್ಜ್ ಆದ 180 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದರೇ ಇಲ್ಲವೇ. ಫಲಿತಾಂಶ ಬಂದ ಮೇಲೆ ಚೆನ್ನಾಗಿ ಕಾಣುವ ಅಳತೆಯನ್ನು ಹೆಕ್ಕಿಕೊಳ್ಳಲು ಅವಕಾಶ ಇರಬಾರದು ಎಂಬುದಕ್ಕೆ ಈ ಕಟ್ಟುಪಾಡು.

2020ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಫಲಿತಾಂಶ ಪ್ರಕಟವಾಯಿತು. ತಂಡದ ಆರೈಕೆ ಸಿಕ್ಕವರಲ್ಲಿ 180 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಶೇಕಡ 62.3. ಸಿಗದವರಲ್ಲಿ ಶೇಕಡ 61.7. ವ್ಯತ್ಯಾಸವೇ ಇಲ್ಲ ಎನ್ನಬಹುದು.

ಇದೇ ಅಂಕಿಗಳನ್ನು ಹಳೆಯ ರೀತಿಯಲ್ಲಿ ಓದಿ ನೋಡಿ. ತಂಡದ ಕೈಗೆ ಬಂದವರು ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ನೂರಕ್ಕೆ ನೂರು ಮಂದಿಯೂ ಆಸ್ಪತ್ರೆ ಸೇರಿದ್ದರು, ಸೇರಿದ್ದರಿಂದಲೇ ಅವರು ಅರ್ಹರಾದದ್ದು. ಮುಂದಿನ ಆರು ತಿಂಗಳಲ್ಲಿ ಸೇರಿದವರು ನೂರಕ್ಕೆ 62. ನೂರರಲ್ಲಿ 38 ಮಂದಿಯನ್ನು ಆಸ್ಪತ್ರೆಯಿಂದ ದೂರ ಇಟ್ಟೆವು ಎಂದು ವರದಿ ಬರೆಯಬಹುದಿತ್ತು. ಅಂಥ ವರದಿ ಹಿಡಿದು ಹೊಸ ಕಟ್ಟಡ ಕಟ್ಟಬಹುದಿತ್ತು, ಹತ್ತು ರಾಜ್ಯಗಳಿಗೆ ಯೋಜನೆ ಮಾರಬಹುದಿತ್ತು. ಆದರೆ ಯಾರೂ ಮನೆ ಬಾಗಿಲಿಗೆ ಹೋಗದ, ಯಾರೂ ಮಾತ್ರೆ ತಾಳೆ ನೋಡದ ಇನ್ನೊಂದು ಗುಂಪಿನಲ್ಲೂ ಅಷ್ಟೇ ಮಂದಿ ಮತ್ತೆ ಬರಲಿಲ್ಲ. ಸಂಶೋಧಕರು ಮೂರು ಮೂರು ತಿಂಗಳಿಗೆ ಎರಡೂ ಗುಂಪಿನ ದಾಖಲಾತಿಯನ್ನು ಗುರುತಿಸಿ ಗೆರೆ ಎಳೆದಾಗ, ಎರಡೂ ಗೆರೆಗಳು ಅಧ್ಯಯನಕ್ಕೆ ಸೇರುವ ಹೊತ್ತಿಗೆ ಏರಿ, ನಂತರ ಒಟ್ಟಿಗೇ ಇಳಿದಿದ್ದವು.

ಹೀಗೇಕೆ ಆಗುತ್ತದೆ ಎಂಬುದನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತೋರಿಸಿದ್ದರು. 205 ದಂಪತಿಗಳ 928 ಬೆಳೆದ ಮಕ್ಕಳ ಎತ್ತರವನ್ನು ಪಟ್ಟಿ ಮಾಡಿದಾಗ, ತೀರಾ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿದ್ದರೂ ಹೆತ್ತವರಷ್ಟಿರಲಿಲ್ಲ, ತೀರಾ ಗಿಡ್ಡವರ ಮಕ್ಕಳು ಹೆತ್ತವರಷ್ಟು ಗಿಡ್ಡವಿರಲಿಲ್ಲ. ಯಾವುದೇ ಅಳತೆಯಲ್ಲಿ ಸ್ಥಿರವಾದ ಒಂದು ಭಾಗ, ಆ ಹೊತ್ತಿನ ಆಕಸ್ಮಿಕದ ಒಂದು ಭಾಗ ಇರುತ್ತವೆ. ತುತ್ತತುದಿಯಲ್ಲಿರುವವರನ್ನು ಆರಿಸಿದರೆ ಆಕಸ್ಮಿಕವೂ ಅದೇ ದಿಕ್ಕಿಗೆ ತಳ್ಳಿದವರನ್ನೇ ಹೆಚ್ಚಾಗಿ ಆರಿಸಿರುತ್ತೇವೆ. ಮುಂದಿನ ಸಲ ಅಳೆದಾಗ ಆಕಸ್ಮಿಕ ಹಾಗೇ ಒದಗಿಬರುವುದಿಲ್ಲ, ಅಳತೆ ಸರಾಸರಿಯತ್ತ ಮರಳುತ್ತದೆ. ಗಾಲ್ಟನ್ ಪ್ರತಿಪಾದಿಸಿದ ಕುಲಸುಧಾರಣೆಯ ವಿಚಾರ ಮುಂದೆ ಲೋಕಕ್ಕೆ ದೊಡ್ಡ ಕೇಡು ಮಾಡಿತು. ಈ ಲೆಕ್ಕ ಮಾತ್ರ ಇಂದಿಗೂ ಸರಿ.

ಇದೇ ಲೆಕ್ಕ ಮಳೆಗೂ ಸಲ್ಲುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ಪೂರಾ ಕೈಕೊಟ್ಟಾಗ ಗುರ್ಜಿ ಹೊರುತ್ತಾರೆ. ರೊಟ್ಟಿಯ ಹಂಚನ್ನು ತಲೆಯ ಮೇಲೆ ಹೊತ್ತವನು ಮನೆ ಮನೆಗೆ ಬರುತ್ತಾನೆ, ಹೆಣ್ಣುಮಕ್ಕಳು ಕೊಡದಿಂದ ನೀರು ಸುರಿಯುತ್ತಾರೆ. ಆಮೇಲೆ ಮಳೆ ಬರುವುದೂ ಉಂಟು. ಆದರೆ ಗುರ್ಜಿ ಬರುವುದೇ ಒಣಗಾಳಿ ಮಿತಿಮೀರಿದ ಮೇಲೆ. ಆ ಹಂತ ಮುಟ್ಟಿದ ಯಾವ ಊರಿನಲ್ಲಾದರೂ ಮುಂದಿನ ವಾರಗಳು ಹಿಂದಿನವಕ್ಕಿಂತ ಉತ್ತಮವಾಗುವ ಸಾಧ್ಯತೆಯೇ ಹೆಚ್ಚು. ಗುರ್ಜಿಯಲ್ಲಿ ಊರಿನ ಒಟ್ಟು ಮೊರೆ ಇದೆ, ಅದರ ಬೆಲೆಯನ್ನು ಮಿಲಿಮೀಟರಿನಲ್ಲಿ ಅಳೆಯಬೇಕಾಗಿಲ್ಲ. ಆರೋಗ್ಯ ಯೋಜನೆಗಳು ಉಳಿತಾಯದ ಮಾತು ಕೊಟ್ಟು ದುಡ್ಡು ಕೇಳುತ್ತವೆ, ಹಾಗಾಗಿ ಅವುಗಳನ್ನು ಅಳೆಯಲೇಬೇಕು.

ಕ್ಯಾಮ್ಡೆನ್‌ನ ಫಲಿತಾಂಶಕ್ಕೂ ಮುಂಚೆಯೇ, 2015ರಲ್ಲಿ, ಡೆನ್ವರ್ ನಗರದ ಸಾರ್ವಜನಿಕ ಆಸ್ಪತ್ರೆ ವ್ಯವಸ್ಥೆಯಿಂದ ಇನ್ನೊಂದು ಸುಳಿವು ಬಂದಿತ್ತು. ಪದೇ ಪದೇ ಅಡ್ಮಿಟ್ ಆಗುವ ರೋಗಿಗಳನ್ನು ಗುರುತಿಸಿ ತಿಂಗಳು ತಿಂಗಳು ಹಿಂಬಾಲಿಸಿ ನೋಡಿದರು. ಏಳು ತಿಂಗಳಾಗುವಷ್ಟರಲ್ಲಿ ಅವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಆ ಪಟ್ಟಿಯಲ್ಲಿ ಉಳಿದಿದ್ದರು, ವರ್ಷದ ಕೊನೆಗೆ ಶೇಕಡ 28. ಪಟ್ಟಿಯ ಉದ್ದ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು. ಹಳಬರು ಹೋಗಿ ಹೊಸಬರು ಬಂದಿದ್ದರು. ಅಪಘಾತ, ಕ್ಯಾನ್ಸರ್ ಚಿಕಿತ್ಸೆ, ಗುಣವಾಗದ ಸೋಂಕು ಇಂಥದ್ದು ಬಂದಾಗ ಒಂದು ವರ್ಷ ಖರ್ಚು ಭಯಂಕರವಾಗಿ ಏರುತ್ತದೆ, ಆಮೇಲೆ ಆ ವ್ಯಕ್ತಿ ವಾಸಿಯಾಗುತ್ತಾನೆ ಅಥವಾ ಸಾಯುತ್ತಾನೆ. ಬ್ರೆನ್ನರ್ ಕಂಡ ಶೇಕಡ ಒಂದರ ಗುಂಪು ನಿಜವಾದ್ದೇ. ಅದರಲ್ಲಿ ಇರುವವರು ವರ್ಷ ವರ್ಷ ಬದಲಾಗುತ್ತಾರೆ ಎಂಬುದು ಒಂದೇ ಅವಧಿಯ ಒಟ್ಟು ಲೆಕ್ಕದಲ್ಲಿ ಕಾಣುವಂಥದಲ್ಲ.

ಕ್ಯಾಮ್ಡೆನ್‌ನ ಅಧ್ಯಯನ ಇನ್ನೂ ಕೆಲವು ಸಂಗತಿ ಹೇಳಿತು. ಐದು ದಿನಕ್ಕೆ ಮನೆ ಭೇಟಿ, ಏಳು ದಿನಕ್ಕೆ ಡಾಕ್ಟರ ಭೇಟಿ ಎಂಬ ಗುರಿ ಎರಡೂ ಈಡೇರಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ರೋಗಿಗಳಲ್ಲಿ. ಯಾಕೆಂದರೆ ಫೋನ್ ಇಲ್ಲದವರು, ನೆಲೆ ಇಲ್ಲದವರು ಸಿಗುತ್ತಲೇ ಇರಲಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ಬೇಗ ಸಿಗುವ ಊರೂ ಅದಲ್ಲ. ಸರ್ಕಾರದ ಆಹಾರ ನೆರವಿಗೆ ಸೇರಿದವರ ಪ್ರಮಾಣ ತಂಡದ ಗುಂಪಿನಲ್ಲಿ ಸ್ವಲ್ಪ ಹೆಚ್ಚಾಗಿತ್ತು. ನಂತರದ ವಿಶ್ಲೇಷಣೆಯಲ್ಲಿ, ಡಿಸ್ಚಾರ್ಜ್ ಆದ ಮೇಲೆ ಹೊರರೋಗಿಯಾಗಿ ಡಾಕ್ಟರಿಗೆ ತೋರಿಸಿದವರೂ ಹೆಚ್ಚಾಗಿದ್ದರು ಎಂದು ಕಂಡಿತು. ಅಂದರೆ ತಂಡ ಕೈಕಟ್ಟಿ ಕೂತಿರಲಿಲ್ಲ, ಮಾಡಬೇಕೆಂದ ಕೆಲಸವನ್ನು ಒಂದಷ್ಟಾದರೂ ಮಾಡಿತ್ತು. ಮನೆ, ಊಟ, ವ್ಯಸನ, ಒಂಟಿತನ ಇವೆಲ್ಲ ಹೆಣೆದುಕೊಂಡಿರುವ ಬದುಕನ್ನು ಮೂರು ತಿಂಗಳ ಆರೈಕೆ ಆಸ್ಪತ್ರೆಯಿಂದ ದೂರ ಎಳೆಯಲಿಲ್ಲ, ಅಷ್ಟೇ. 800 ಜನರ ಅಧ್ಯಯನದಲ್ಲಿ ಸಣ್ಣ ಪರಿಣಾಮವೊಂದು ಕಣ್ತಪ್ಪಿರಬಹುದು, ಅಂಕಿಗಳ ಅನಿಶ್ಚಿತತೆಯ ಅಂತರ ಅಷ್ಟು ಅಗಲವಿದೆ. ಮೊದಲ 36 ಜನರಲ್ಲಿ ಕಂಡಂಥ ದೊಡ್ಡ ಇಳಿತ ಮಾತ್ರ ತಂಡದಿಂದಾದ್ದು ಎಂದು ಇನ್ನು ಹೇಳುವಂತಿಲ್ಲ.

ಉಳಿತಾಯದ ಲೆಕ್ಕದಲ್ಲಿ ಇನ್ನೂ ಒಂದು ಗಂಟು ಇದೆ. ಅಮೆರಿಕದಲ್ಲಿ ಆಸ್ಪತ್ರೆ ಬರೆಯುವ ಬಿಲ್ಲೇ ಬೇರೆ, ವಿಮೆ ಕಡೆಗೆ ಪಾವತಿಸುವ ಮೊತ್ತವೇ ಬೇರೆ. ಎರಡನೆಯದು ಸಾಮಾನ್ಯವಾಗಿ ಬಹಳ ಕಡಿಮೆ. ಬಿಲ್ಲಿನಲ್ಲಿ ಏಳು ಲಕ್ಷ ಡಾಲರ್ ಇಳಿದರೆ ಯಾರ ಜೇಬಿನಲ್ಲೂ ಏಳು ಲಕ್ಷ ಉಳಿದಿರುವುದಿಲ್ಲ. ಜತೆಗೆ, ಒಂದು ದಾಖಲಾತಿ ತಪ್ಪಿದರೆ ವಿಮೆಗೆ ಉಳಿತಾಯ, ಆಸ್ಪತ್ರೆಗೆ ಆದಾಯ ನಷ್ಟ. ತಂಡದ ಸಂಬಳ ಕೊಡುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ಯಾರ ದೃಷ್ಟಿಯಿಂದ ಲೆಕ್ಕ ಹಾಕುತ್ತಿದ್ದೇವೆ ಎಂದು ಮೊದಲ ಪುಟದಲ್ಲೇ ಬರೆಯದ ಯಾವ ವರದಿಯನ್ನೂ ನಾನು ನಂಬಲಾರೆ.

ಕಂಪನಿಗಳು ನೌಕರರಿಗಾಗಿ ನಡೆಸುವ ಆರೋಗ್ಯ ಕಾರ್ಯಕ್ರಮಗಳದ್ದೂ ಇದೇ ಹಾದಿ. ಕ್ಯಾಥರಿನ್ ಬೈಕರ್, ಡೇವಿಡ್ ಕಟ್ಲರ್ ಮತ್ತು ಜಿರುಯಿ ಸಾಂಗ್ 2010ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಖರ್ಚು ಮಾಡಿದ ಒಂದು ಡಾಲರಿಗೆ ವೈದ್ಯಕೀಯ ವೆಚ್ಚದಲ್ಲಿ ಸುಮಾರು 3.27 ಡಾಲರ್ ಉಳಿಯುತ್ತದೆ ಎಂದು ಪ್ರಕಟಿಸಿದ್ದರು. ಆ ಅಂಕಿ ಎಲ್ಲೆಡೆ ಉಲ್ಲೇಖವಾಯಿತು. ಅದೇ ಬೈಕರ್ ಮತ್ತು ಸಾಂಗ್ ಮುಂದೆ ಚಿಲ್ಲರೆ ಮಾರಾಟದ ದೊಡ್ಡ ಕಂಪನಿಯೊಂದರ 160 ಕೆಲಸದ ತಾಣಗಳಲ್ಲಿ, ಸುಮಾರು 33 ಸಾವಿರ ನೌಕರರ ನಡುವೆ, ಚೀಟಿ ಎತ್ತಿ ಪರೀಕ್ಷೆ ನಡೆಸಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ವ್ಯಾಯಾಮದಂಥ ಒಂದೆರಡು ಅಭ್ಯಾಸ ಸುಧಾರಿಸಿತ್ತು. ರಕ್ತದೊತ್ತಡ, ತೂಕ, ವೈದ್ಯಕೀಯ ಖರ್ಚು, ಗೈರುಹಾಜರಿ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಇದರ ಗುಟ್ಟನ್ನು ಬಿಡಿಸಿತು. ಕಾರ್ಯಕ್ರಮಕ್ಕೆ ತಾವಾಗಿ ಬಂದವರನ್ನು ಬರದವರೊಂದಿಗೆ ಹೋಲಿಸಿದರೆ ದೊಡ್ಡ ಉಳಿತಾಯ ಕಾಣುತ್ತಿತ್ತು, ಚೀಟಿಯ ಗುಂಪುಗಳನ್ನು ಹೋಲಿಸಿದರೆ ಅದು ಮಾಯವಾಗುತ್ತಿತ್ತು. ಮೊದಲೇ ಆರೋಗ್ಯವಾಗಿದ್ದವರು, ಮೊದಲೇ ಕಡಿಮೆ ಖರ್ಚಿನವರು ಕಾರ್ಯಕ್ರಮಕ್ಕೆ ಹೆಚ್ಚಾಗಿ ಸೇರಿದ್ದರು.

ಇಷ್ಟು ಓದಿದವರಿಗೆ, ಸರಿಯಾಗಿ ಅಳೆದರೆ ಯಾವ ಆರೋಗ್ಯ ಯೋಜನೆಯೂ ನಿಲ್ಲುವುದಿಲ್ಲವೇನೋ ಎನ್ನಿಸಬಹುದು. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ 2010ರ ಫೆಬ್ರುವರಿಯಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಶುರುವಾಯಿತು. ದಕ್ಷಿಣಕ್ಕೆ ತಲುಪಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುವಿನ ಕಾಲದಲ್ಲಿ ಯೋಜನೆ ಇದ್ದ ಜಿಲ್ಲೆಗಳಿಗೂ ಇಲ್ಲದ ಜಿಲ್ಲೆಗಳಿಗೂ ನಡುವೆ ಒಂದು ಗಡಿ ಇತ್ತು. ಗಡಿಯ ಈಚೆ ಊರು, ಆಚೆ ಊರು. ಅದೇ ಮಣ್ಣು, ಅದೇ ಬೆಳೆ, ಹೆಚ್ಚುಕಡಿಮೆ ಅದೇ ಬಡತನ. ಆ ಗಡಿಯನ್ನು ನೋಡಿ ಅದರ ಬೆಲೆ ಅರಿತವರು ನೀರಜ್ ಸೂದ್, ಎರಾನ್ ಬೆಂಡಾವಿಡ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಸಂಗಡಿಗರು. ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ 31,476 ಮನೆಗಳ ಸಮೀಕ್ಷೆ ನಡೆಯಿತು.

2014ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶ ಹೀಗಿತ್ತು. ಯೋಜನೆಯ ಚಿಕಿತ್ಸೆಗೆ ಬಗ್ಗಬಹುದಾದ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಆದ ಸಾವಿನ ಪ್ರಮಾಣ ಯೋಜನೆ ಇದ್ದ ಊರುಗಳ ಬಿಪಿಎಲ್ ಕುಟುಂಬಗಳಲ್ಲಿ ಶೇಕಡ 0.32, ಇಲ್ಲದ ಊರುಗಳಲ್ಲಿ ಶೇಕಡ 0.90. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ದುಡ್ಡು ಶೇಕಡ 64ರಷ್ಟು ಕಡಿಮೆಯಾಗಿತ್ತು. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಸಾಕ್ಷಿ ಬಿಪಿಎಲ್ ಅಲ್ಲದ ಕುಟುಂಬಗಳದ್ದು. ಅವರಿಗೆ ಯೋಜನೆ ಅನ್ವಯಿಸುತ್ತಿರಲಿಲ್ಲ. ಅವರಲ್ಲಿ ಅದೇ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆಯ ಊರುಗಳಲ್ಲಿ ಶೇಕಡ 0.56, ಇಲ್ಲದ ಕಡೆಯ ಊರುಗಳಲ್ಲಿ 0.55. ಉತ್ತರದ ಗಾಳಿಯಲ್ಲೋ ನೀರಲ್ಲೋ ಏನೋ ವಿಶೇಷವಿದ್ದಿದ್ದರೆ ಅವರಲ್ಲೂ ವ್ಯತ್ಯಾಸ ಕಾಣಬೇಕಿತ್ತು. ಇದು ಚೀಟಿ ಎತ್ತಿದ ಅಧ್ಯಯನದಷ್ಟು ಬಿಗಿಯಾದ್ದಲ್ಲ, ಸಾವು ಇಷ್ಟು ಇಳಿದದ್ದನ್ನು ಇನ್ನೊಂದು ಅಧ್ಯಯನ ದೃಢಪಡಿಸಲಿ ಎಂದು ಬಯಸುವವರು ಇರಬಹುದು. ಆದರೂ ಹೋಲಿಕೆಯ ಗುಂಪಿಟ್ಟು ನೋಡಿದಾಗಲೂ ನಿಂತ ಫಲಿತಾಂಶ ಇದು.

ಮುಂದಿನ ದಿನಗಳಲ್ಲಿ ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು 11 ಸಾವಿರ ಕುಟುಂಬಗಳ ನಡುವೆ, ಕೇಂದ್ರ ಸರ್ಕಾರದ ಆಸ್ಪತ್ರೆ ವಿಮೆಯ ಬಗ್ಗೆ ಚೀಟಿ ಎತ್ತಿದ ಅಧ್ಯಯನವೂ ನಡೆಯಿತು. ಉಚಿತವಾಗಿ ಕೊಟ್ಟಾಗ ಸೇರುವವರು ಹೆಚ್ಚಾದರು. ಆರೋಗ್ಯದ ಬಹುತೇಕ ಅಳತೆಗಳಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಒಂದೇ ರಾಜ್ಯದಲ್ಲಿ ಎರಡು ವಿಮೆಗಳು, ಎರಡು ಬೇರೆ ಉತ್ತರಗಳು. ಎಂಥ ಚಿಕಿತ್ಸೆಗೆ ವಿಮೆ, ಯಾರಿಗೆ ವಿಮೆ, ಬಳಸಿಕೊಳ್ಳಲು ಹಳ್ಳಿಯವರಿಗೆ ಯಾರು ದಾರಿ ತೋರಿಸುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಆರೋಗ್ಯಶ್ರೀಯ ಆ ಗಡಿ ಈಗ ಇಲ್ಲ. ಯೋಜನೆ ದಕ್ಷಿಣಕ್ಕೂ ಹರಡಿತು, 2018ರಲ್ಲಿ ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ಬಂತು. ಜನರಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಹೊಸದಾಗಿ ಏನನ್ನು ಸೇರಿಸಿದರೂ ಹೋಲಿಸಿ ನೋಡಲು ಆಚೆ ಊರು ಸಿಗುವುದಿಲ್ಲ. ಮೆಕ್ಸಿಕೊ ಇದಕ್ಕೊಂದು ದಾರಿ ತೋರಿಸಿದೆ. 2005ರ ಹೊತ್ತಿಗೆ ಅಲ್ಲಿ ‘ಸೆಗುರೊ ಪಾಪ್ಯುಲರ್’ ಎಂಬ ಬಡವರ ಆರೋಗ್ಯ ವಿಮೆ ಹರಡುತ್ತಿತ್ತು. ಒಂದೇ ದಿನ ಎಲ್ಲೆಡೆ ತಲುಪಿಸಲು ಹೇಗೂ ಆಗುವುದಿಲ್ಲವೆಂದು, ಒಂದಕ್ಕೊಂದು ಹೋಲುವ ಆರೋಗ್ಯ ವಲಯಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಚಿಕಿತ್ಸೆಯ ಖರ್ಚಿನಿಂದ ಮನೆ ಮುಳುಗುವ ಕುಟುಂಬಗಳ ಸಂಖ್ಯೆ ಕಡಿಮೆಯಾಗಿದ್ದುದು ಕಂಡಿತು. ನಮ್ಮಲ್ಲೂ ಹೊಸ ಕಾರ್ಯಕ್ರಮಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಹಂತ ಹಂತವಾಗಿಯೇ ಹೋಗುತ್ತವೆ. ಮೊದಲ ಹಂತದ ತಾಲ್ಲೂಕುಗಳನ್ನು ಚೀಟಿ ಎತ್ತಿ ಆರಿಸಿದರೆ ಯಾರಿಗೂ ಸೇವೆ ತಪ್ಪುವುದಿಲ್ಲ, ಖರ್ಚೂ ಹೆಚ್ಚಾಗುವುದಿಲ್ಲ. ಎರಡನೇ ಹಂತದ ಆದೇಶ ಹೊರಡುವಷ್ಟರಲ್ಲಿ ಉತ್ತರ ಕೈಯಲ್ಲಿರುತ್ತದೆ.